ಇಂಗಾಲ ಆಮೇಲೆ, ಮೊದಲು ವಾಲ್ವ್ ನೋಡಿ

ಮಾನ್ಯ ಸಂಪಾದಕರೇ,

ನೀರು ಸರಬರಾಜಿನಿಂದ ಗಾಳಿಗೆ ಸೇರುವ ಇಂಗಾಲ ತಗ್ಗಿಸುವ ಬಗ್ಗೆ ನಮ್ಮ ನೀರಿನವರು ಸಭೆ ಮಾಡಿದ ವರದಿಯನ್ನು ಸೋಮವಾರದ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಓದುವಾಗ ಟ್ಯಾಂಕರ್ ಕಾಯುತ್ತಾ ಗೇಟಿನ ಹತ್ತಿರ ನಿಂತಿದ್ದೆ. ಅವತ್ತು ಮೊಮ್ಮಗಳ ನಾಮಕರಣ. ಮನೆಯಲ್ಲಿ 40 ಜನ, ಸಂಪಿನಲ್ಲಿ ಗೇಣುದ್ದ ಕೆಸರು ನೀರು.

ಚಿಕ್ಕಮಗಳೂರಿನ ವಿಜಯಪುರ ಬಡಾವಣೆಯ ನಮ್ಮ ಅಡ್ಡರಸ್ತೆ ಮೂಲೆಯ ವಾಲ್ವ್ ಗುಂಡಿ ಯಾರಿಗೆ ಗೊತ್ತಿಲ್ಲ ಹೇಳಿ. ನಿಮ್ಮಲ್ಲೇ ಫೋಟೊ ಬಂದಿತ್ತು. ಯುಗಾದಿಗೆ ಮುಂಚಿನಿಂದ ಸೋರುತ್ತಿದೆ. ಬೈಕಿನವರು ಬೀಳದಿರಲಿ ಅಂತ ಯಾರೋ ಪುಣ್ಯಾತ್ಮರು ಅದಕ್ಕೊಂದು ಹಾಲುವಾಣದ ಕೊಂಬೆ ನೆಟ್ಟಿದ್ದರು. ಈಗ ಅದು ಚಿಗುರಿ ಮೂರು ಕಡೆ ಎಲೆ ಬಿಟ್ಟಿದೆ. ಇನ್ನೊಂದು ಮಳೆಗಾಲ ಸುಮ್ನೆ ಬಿಟ್ಟರೆ ಮೆಣಸಿನ ಬಳ್ಳಿ ಹಬ್ಬಿಸಬಹುದು.

ನಲ್ಲಿಯಲ್ಲಿ ಮಾತ್ರ ನೀರಿಲ್ಲ. ಬಂದರೆ ನಾಲ್ಕು ದಿನಕ್ಕೊಮ್ಮೆ, ಅದೂ ರಾತ್ರಿ ಎರಡೂವರೆಗೆ. ನೀರು ಬಿಡುವ ಹುಡುಗ ಪಾಪ ಒಳ್ಳೆಯವನು. ‘ವಾಲ್ವಿನ ಪ್ಯಾಕಿಂಗ್ ಹೋಗಿದೆ ಸಾರ್, ಮೇಲಿನವರಿಗೆ ಹೇಳಿದೀನಿ’ ಅಂದ. ನೀರು ಸೋರದಂತೆ ತಡೆಯುವ ಸಣ್ಣ ಸುತ್ತು ಅದು, ಅಷ್ಟೇ. ಹಾಗೆ ಹೇಳಿ ಐದು ವಾರ ಆಯಿತು.

ಟ್ಯಾಂಕರ್ ಬಂತು. ಆದರೆ ರಸ್ತೆ ಅಗೆದು ಹಾಗೇ ಬಿಟ್ಟಿದ್ದಾರಲ್ಲ, ಒಳಗೆ ಬರಲಾಗಲಿಲ್ಲ. ಹಿಂದೆ ಮುಂದೆ ಮಾಡಿ, ನಾಲ್ಕು ಮನೆ ದಾಟಿಸಿ ಪೈಪ್ ಎಳೆದು, ಮುಕ್ಕಾಲು ಗಂಟೆ ಇಂಜಿನ್ ಆಫ್ ಮಾಡದೆ ಹೊಗೆ ಬಿಟ್ಟ. 700 ರೂಪಾಯಿಗೆ ಒಪ್ಪಿಕೊಂಡವನು ಪೈಪ್ ಎಳೆದಿದ್ದಕ್ಕೆ ಇನ್ನೂ 200 ಕಿತ್ತ. ಅಷ್ಟರಲ್ಲಿ ಕೋಸಂಬರಿಗೆ ನೆನೆಸಿದ ಬೇಳೆ ತೊಳೆಯಲು ನೀರಿಲ್ಲದೆ ಅಡುಗೆ ಭಟ್ಟರು ಮುಖ ಊದಿಸಿಕೊಂಡಿದ್ದರು. ಬೀಗರು ಅರಸೀಕೆರೆಯವರು, ಮೊದಲೇ ಬರದ ಸೀಮೆ. ‘ಏನ್ರೀ, ನಿಮ್ಮಲ್ಲೂ ನೀರಿಗೆ ಬರವಾ?’ ಅಂದುಬಿಟ್ಟರು. ಅರಸೀಕೆರೆಯವರ ಕೈಲಿ ಈ ಮಾತು ಕೇಳಬೇಕಾಯಿತಲ್ಲ!

ಇಂಗಾಲದ ಲೆಕ್ಕ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಫಿ ತೋಟದಲ್ಲಿ ಮೂವತ್ತು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಕೆರೆಗೆ ಡೀಸೆಲ್ ಇಂಜಿನ್ ಇಟ್ಟು ಗಿಡಗಳಿಗೆ ಜೆಟ್‌ನಲ್ಲಿ ನೀರು ಹೊಡೆಸುತ್ತಿದ್ದೆವು. ಪೈಪಿನ ಜಾಯಿಂಟಿನಲ್ಲಿ ಒಂದು ವಾಷರ್ ಹೋದರೂ ಸಾಹುಕಾರರು ಅಲ್ಲೇ ನಿಂತು, ‘ರೈಟ್ರೇ, ಸೋರ್ತಿರೋದು ನೀರಲ್ಲ ಕಣ್ರೀ, ನನ್ನ ಡೀಸೆಲ್ಲು’ ಅನ್ನುತ್ತಿದ್ದರು.

ಊರಿನ ನೀರಿಗೂ ಅದೇ ಲೆಕ್ಕ. ಬೇಲೂರಿನ ಯಗಚಿ ಡ್ಯಾಮಿನಿಂದ ಇಲ್ಲಿಗೆ ನೀರು 20 ಕಿ.ಮೀ.ಗೂ ಜಾಸ್ತಿ ಬರಬೇಕು, ಹೆಚ್ಚೂಕಮ್ಮಿ 100 ಮೀಟರ್ ಮೇಲಕ್ಕೆ ಹತ್ತಬೇಕು. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ತಳ್ಳಲು, ಪಂಪು ಪೈಪುಗಳಲ್ಲಿ ಕಳೆದುಹೋಗುವುದೂ ಸೇರಿ, ಅರ್ಧ ಯೂನಿಟ್ ಹತ್ತಿರ ಕರೆಂಟ್ ಬೇಕು. ದೇಶದ ಕರೆಂಟ್ ಬಹುಪಾಲು ಕಲ್ಲಿದ್ದಲಿನದು, ಯೂನಿಟ್ಟಿಗೆ ಸುಮಾರು 700 ಗ್ರಾಂ ಕಾರ್ಬನ್ ಡೈಆಕ್ಸೈಡ್. ಹಾಗೆ ಹತ್ತಿಸಿ ತಂದ ನೀರು ಚರಂಡಿಗೆ. ನಮಗೆ ಟ್ಯಾಂಕರ್. ಒಂದು ಲೀಟರ್ ಡೀಸೆಲ್ ಸುಟ್ಟರೆ ಎರಡೂವರೆ ಕೆ.ಜಿ.ಗೂ ಜಾಸ್ತಿ ಕಾರ್ಬನ್ ಡೈಆಕ್ಸೈಡ್. ಇದನ್ನು ಯಾರ ಲೆಕ್ಕಕ್ಕೆ ಬರೆಯುತ್ತಾರೆ? ನನ್ನದಕ್ಕೇ ಇರಬೇಕು.

ಇನ್ನೊಂದು ತಮಾಷೆ ಕೇಳಿ. ಕಂಬದ ಮೇಲಿನ ಟ್ಯಾಂಕಿಗೆ ಏರಿಸಿದ ನೀರು ನಮ್ಮ ಮನೆಗೆ ಬರುವ ಹೊತ್ತಿಗೆ ಪ್ರೆಶರ್ ಇಲ್ಲದೆ ನೆಲದಡಿಯ ಸಂಪಿಗೆ ಬೀಳುತ್ತದೆ. ಅಲ್ಲಿಂದ ಮಾಳಿಗೆಗೆ ನಾನು ಮತ್ತೆ ಮೋಟರ್ ಹಾಕಿ ಎತ್ತಬೇಕು. ಬೀದಿಯಲ್ಲಿ ಮನೆಗೊಂದು ಮೋಟರ್. ಕೆಲವರು ಸೀದಾ ಲೈನಿಗೇ ಮೋಟರ್ ಇಟ್ಟು ಎಳೆಯುತ್ತಾರೆ, ಹೆಸರು ಹೇಳಿದರೆ ನಾಳೆಯಿಂದ ಮಾತು ಬಿಡುತ್ತಾರೆ. ಪ್ರೆಶರ್ ಸರಿ ಇದ್ದರೆ ಇಷ್ಟೂ ಮೋಟರಿನ ಕರೆಂಟ್ ಉಳಿಯುತ್ತಿರಲಿಲ್ವಾ?

ಸಭೆಯಲ್ಲಿ ಇಂಗ್ಲೆಂಡಿನ ಉದಾಹರಣೆ ಕೊಟ್ಟರಂತೆ. ಅಲ್ಲಿನ ನೀರಿನ ಕಂಪನಿಗಳು 2030ರೊಳಗೆ ಇಂಗಾಲದ ನಿವ್ವಳ ಲೆಕ್ಕ ಸೊನ್ನೆಗೆ ಇಳಿಸುತ್ತೇವೆ ಅಂತ 2019ರಲ್ಲಿ ಮಾತು ಕೊಟ್ಟಿದ್ದು ನಿಜ. ಅದೇ ಕಂಪನಿಗಳು ಕೊಳಚೆಯನ್ನು ನದಿಗೆ ಬಿಟ್ಟು ಜನರಿಂದ ಉಗಿಸಿಕೊಂಡಿದ್ದೂ ನಿಜ. ಪಂಪ್‌ಹೌಸಿಗೆ ಸೋಲಾರ್ ಹಾಕುತ್ತಾರಂತೆ. ಹಾಕಲಿ. ತೂತು ಕೊಡಕ್ಕೆ ಸೋಲಾರ್ ನೀರು ತುಂಬಿದರೆ ನಿಲ್ಲುತ್ತಾ? ಹಳೇ ಪಂಪು ಬದಲಾಯಿಸುವ ಮಾತು, ಕೊಳಚೆಯಿಂದ ಏಳುವ ಮೀಥೇನ್ ಅನಿಲ ಹಿಡಿದು ಕರೆಂಟ್ ಮಾಡುವ ಮಾತೂ ಬಂತಂತೆ. ಒಳ್ಳೆಯದೇ. ಒಂದು ಪ್ಯಾಕಿಂಗ್ ಹಾಕಲಾಗದವರು ಮೀಥೇನ್ ಹಿಡಿಯುತ್ತಾರೆ!

ಹೇಳಿಕೊಳ್ಳೋಣ ಅಂದರೆ ಕಚೇರಿಯಲ್ಲಿ ‘ಸಾಹೇಬರು ಸೈಟಿಗೆ ಹೋಗಿದಾರೆ’. ಸೈಟಿನಲ್ಲಿ ‘ಮೀಟಿಂಗಿಗೆ ಹೋಗಿದಾರೆ’. ಅರ್ಜಿ ಕೊಟ್ಟರೆ ಸೀಲ್ ಒತ್ತಿ ಕೊಡುತ್ತಾರೆ. ಅಂಥವು ನನ್ನ ಹತ್ತಿರ ಏಳು ಇವೆ. ಮೂರು ವರ್ಷದ ಹಿಂದೆ ಕಟ್ಟಿದ ನೀರಿನ ಬಿಲ್ ಬಾಕಿ ಅಂತ ನೋಟಿಸ್ ಬಂದಿತ್ತು. ರಸೀದಿ ತೋರಿಸಿದರೆ ‘ಕಂಪ್ಯೂಟರಲ್ಲಿ ಬರ್ತಿಲ್ಲ’ ಅಂದರು. ನಮ್ಮ ಬೀದಿದೀಪ ಮಧ್ಯಾಹ್ನವೂ ಉರಿಯುತ್ತದೆ, ಅದೂ ಇಂಗಾಲವೇ ಅಲ್ವಾ? ಏಳನೇ ಅರ್ಜಿ ಕೊಡಲು ಹೋದಾಗ ಸಾಹೇಬರ ಜೀಪು ನೆರಳಲ್ಲಿ ನಿಂತಿತ್ತು. ಡ್ರೈವರ್ ಎ.ಸಿ. ಹಾಕಿಕೊಂಡು ಒಳಗೆ ನಿದ್ದೆ ಮಾಡುತ್ತಿದ್ದ.

ಸಂಬಂಧಪಟ್ಟವರು ಕೂಡಲೇ ಆ ವಾಲ್ವ್ ಸರಿ ಮಾಡಬೇಕು. ಊರಿನ ಸೋರುವ ಪೈಪೆಲ್ಲ ಬದಲಾಯಿಸಬೇಕು. ನೀರನ್ನು ಹಗಲು ಹೊತ್ತು ಬಿಡಬೇಕು. ಆ ನೋಟಿಸನ್ನೂ ವಾಪಸ್ ತಗೊಳ್ಳಬೇಕು. ಇದ್ಯಾವುದೂ ಆಗದಿದ್ದರೆ ಸಭೆ ಮಾಡುವುದನ್ನಾದರೂ ನಿಲ್ಲಿಸಲಿ, ಆ ಊಟದ ಖರ್ಚಲ್ಲಿ ಎಷ್ಟು ಪ್ಯಾಕಿಂಗ್ ಬರುತ್ತಿತ್ತೋ. ರಿಪೇರಿಗೆ ಯಾರಾದರೂ ಬಂದರೆ ಹಾಲುವಾಣವನ್ನು ಕಡಿದು ಬಿಸಾಡಬೇಡಿ, ಬೇರು ಸಮೇತ ಕಿತ್ತು ಕೊಡಿ. ನಮ್ಮ ಹಿತ್ತಲಲ್ಲಿ ಜಾಗ ಇದೆ.

– ನೊಂದ ನಿವಾಸಿ, ವಿಜಯಪುರ, ಚಿಕ್ಕಮಗಳೂರು