ನಾಟಿ ಟೊಮೆಟೊಗೂ ರೋಗ ತಡೆಯುವ ಶಕ್ತಿ ಬೇಕು: ತೋಟಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಬಯಲಿನಲ್ಲಿ ನಾಟಿ ಟೊಮೆಟೊ ಬೆಳೆದು, ಅದರ ಬೀಜವನ್ನೇ ಮುಂದಿನ ಬೆಳೆಗೆ ಎತ್ತಿಡುವವರಲ್ಲಿ ನಾನೂ ಒಬ್ಬ. ಈ ಸಲ ಸಸಿ ನೆಟ್ಟ ಮೂರನೇ ವಾರಕ್ಕೇ ಕುಡಿ ಎಲೆಗಳು ಮುದುಡಿದವು. ಗಿಡ ಮೊಣಕಾಲೆತ್ತರಕ್ಕೇ ನಿಂತುಬಿಟ್ಟಿತು. ಹೂ ಬಿಟ್ಟಿತು, ಉದುರಿತು. ಅದೇ ಎಲೆ ಮುದುಡು ರೋಗ. ಸಲಹೆ ಕೇಳಿಕೊಂಡು ಹೋದರೆ ಸಿಕ್ಕ ಉತ್ತರ ಇಷ್ಟೇ: "ಔಷಧಿ ಹೊಡೀರಿ, ಮುಂದಿನ ಸಲ ಹೈಬ್ರಿಡ್ ಹಾಕಿ."

ಔಷಧಿ ವಿಷಯ ಮೊದಲು ಹೇಳಿಬಿಡುತ್ತೇನೆ. ವೈರಸ್ ಹೊಕ್ಕ ಗಿಡವನ್ನು ವಾಸಿ ಮಾಡುವ ಔಷಧಿಯೇ ಇಲ್ಲ. ನಾವು ಹೊಡೆಯುವುದು ಈ ರೋಗದ ವೈರಸ್ ಹರಡುವ ಬಿಳಿ ನೊಣಕ್ಕೆ. ರೋಗದ ಗಿಡದಲ್ಲಿ ಅದು ಸ್ವಲ್ಪ ಹೊತ್ತು ರಸ ಹೀರಿದರೆ ಸಾಕು, ಆಮೇಲೆ ಎಷ್ಟೋ ದಿನ ಕೂತ ಗಿಡಕ್ಕೆಲ್ಲ ವೈರಸ್ ಅಂಟಿಸುತ್ತದೆ. ಇದ್ದದ್ದು ಸತ್ತರೆ ಪಕ್ಕದ ಹೊಲದಿಂದ ಹೊಸದು ಹಾರಿ ಬರುತ್ತದೆ. ಬಯಲಿಗೆ ಬಾಗಿಲು ಹಾಕೋಕಾಗುತ್ತಾ? ಮೇಲಾಗಿ, ಪದೇ ಪದೇ ಹೊಡೆದ ಔಷಧಿಗಳಿಗೆ ಆ ನೊಣ ಒಗ್ಗಿಕೊಂಡೂ ಬಿಡುತ್ತದೆ.

ಇನ್ನು ಹೈಬ್ರಿಡ್. ಅದಕ್ಕೆ ರೋಗ ತಡೆಯುವ ಗುಣ ಬಂದದ್ದು ಕಾಡು ಟೊಮೆಟೊಗಳಿಂದ. ಟಿವೈ-1, ಟಿವೈ-2, ಟಿವೈ-3 ಎನ್ನುವ ಜೀನ್‌ಗಳು ದಕ್ಷಿಣ ಅಮೆರಿಕದ ಕಾಡು ಜಾತಿಗಳವು. ಅವನ್ನು ಊಟದ ಟೊಮೆಟೊಗೆ ತಂದದ್ದು ವರ್ಷಗಟ್ಟಲೆ ದುಡಿದ ತಳಿ ವಿಜ್ಞಾನಿಗಳು. ದೊಡ್ಡ ಕೆಲಸವೇ. ಆದರೆ ಹೈಬ್ರಿಡ್ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಗುಣಗಳು ಚದುರಿಹೋಗುತ್ತವೆ. ಒಂದು ಗಿಡ ತಡೆಯುತ್ತದೆ, ಪಕ್ಕದ್ದು ಮುದುಡುತ್ತದೆ. ಹಾಗಾಗಿ ಪ್ರತಿ ಸಲವೂ ಬೀಜ ಕೊಳ್ಳಲೇಬೇಕು.

ಅದೇ ಜೀನನ್ನು ನಾಟಿ ತಳಿಗೆ ಯಾಕೆ ಸೇರಿಸಬಾರದು? ಒಮ್ಮೆ ಸಂಕರ ಮಾಡಿ, ರೋಗ ತಡೆದ ಗಿಡಗಳನ್ನಷ್ಟೇ ಆರಿಸಿ, ಮತ್ತೆ ಮತ್ತೆ ನಾಟಿಯ ಜೊತೆಗೇ ಕೂಡಿಸುತ್ತಾ ಹೋದರೆ ಆರೇಳು ಪೀಳಿಗೆಯಲ್ಲಿ ಹುಳಿ, ಸಿಪ್ಪೆ, ಬಣ್ಣ ಬಹುಪಾಲು ನಾಟಿಯದೇ ಆಗುತ್ತದೆ. ಇದು ಹೊಸ ವಿದ್ಯೆಯೇನಲ್ಲ. ಬೀಜ ಎತ್ತಿಡಬಹುದಾದ ತಳಿಯಲ್ಲಿ ಕಂಪನಿಗೆ ಲಾಭವಿಲ್ಲ, ಅದಕ್ಕೇ ಅವರು ಮಾಡುವುದಿಲ್ಲ. ಅವರನ್ನು ಬೈದು ಸುಮ್ನೆ ಪ್ರಯೋಜನವೂ ಇಲ್ಲ. ಈ ಕೆಲಸ ಸರ್ಕಾರಿ ಸಂಶೋಧನಾ ಕೇಂದ್ರಗಳದ್ದು ಅಲ್ವಾ? ಅದಕ್ಕೆ ಹಣ ಕೊಡಿಸಿ ಎಂದು ಕೇಳಲು ಈ ಪತ್ರ.

ಹಾಗಂತ ಒಂದೇ ಜೀನ್ ನಂಬಿ ಕೂರುವ ಹಾಗೂ ಇಲ್ಲ. ಟೊಮೆಟೊಗೆ ತಗಲುವ ಇನ್ನೊಂದು ವೈರಸ್ ಮೊಸಾಯಿಕ್. ಅದನ್ನು ತಡೆಯುವ ಒಂದು ಜೀನ್ ದಶಕಗಳ ಕಾಲ ಗಟ್ಟಿಯಾಗಿ ನಿಂತಿತ್ತು. 2014ರಲ್ಲಿ ಇಸ್ರೇಲ್‌ನಲ್ಲಿ ಕಂಡ, ಅದೇ ಜಾತಿಯ ಬ್ರೌನ್ ರುಗೋಸ್ ವೈರಸ್ ಆ ಜೀನನ್ನೂ ದಾಟಿತು. ಈ ವೈರಸ್ ಹರಡಲು ನೊಣ ಬೇಕಿಲ್ಲ. ಕೈ, ಚಾಕು, ಬಟ್ಟೆ ಸಾಕು, ಬೀಜದಲ್ಲೂ ಬರುತ್ತದೆ. ಬೀಜ ಹಂಚಿಕೊಳ್ಳುವ ನಮ್ಮಂಥವರಿಗೆ ಇದು ಜಾಸ್ತಿ ಭಯ. ಕಡಿಮೆ ಖರ್ಚಿನಲ್ಲಿ ರೈತರ ಬೀಜ ಪರೀಕ್ಷಿಸುವ ವ್ಯವಸ್ಥೆಯೂ ಬೇಕು. ಸಸಿ ಮಾರುವವರು ಸಣ್ಣ ಕಣ್ಣಿನ ಬಲೆಯೊಳಗೇ ಸಸಿ ಬೆಳೆಸಬೇಕೆಂಬ ನಿಯಮವೂ ಬರಲಿ.

ನನ್ನ ಹೊಲದ ಅಂಚಿನಲ್ಲಿ ನಾಲ್ಕು ಗಿಡ ಮುದುಡದೆ ಉಳಿದವು. ನೊಣದಿಂದ ತಪ್ಪಿಸಿಕೊಂಡವೋ, ರೋಗವನ್ನೇ ತಡೆದುಕೊಂಡವೋ ನೋಡಿ ಹೇಳಲಾಗದು. ಬೀಜ ತೆಗೆದು ಒಣಗಿಸಿಟ್ಟಿದ್ದೇನೆ. ಯಾರ ಕೈಗೆ ಕೊಡಬೇಕು, ತಿಳಿಸಿ.

ಇಂತಿ,
ಒಬ್ಬ ಟೊಮೆಟೊ ಬೆಳೆಗಾರ