ಇಂಟರ್‌ಕಾಮ್‌ಗಾಗಿ ಹೆಲ್ಮೆಟ್ ಕೊಯ್ಯಬೇಡಿ

ಮಾನ್ಯ ಸಂಪಾದಕರೇ,

ಜನವರಿ ಬಂತೆಂದರೆ ನಮ್ಮ ಚಿಕ್ಕಬಳ್ಳಾಪುರದಲ್ಲಿಯೂ ರಸ್ತೆ ಸುರಕ್ಷತಾ ಜಾಥಾ ಹೊರಡುತ್ತದೆ, ಮಕ್ಕಳು ಫಲಕ ಹಿಡಿದು ಸಾಗುತ್ತಾರೆ, ಹೆಲ್ಮೆಟ್ ಧರಿಸಿ ಎಂಬ ಮಾತು ಪ್ರತಿಯೊಂದು ಭಾಷಣದಲ್ಲಿಯೂ ಬರುತ್ತದೆ. ಆದರೆ ಈಚಿನ ವರ್ಷಗಳಲ್ಲಿ ಆ ಹೆಲ್ಮೆಟ್ಟಿನೊಳಗೇ ಬಂದು ಕುಳಿತಿರುವ ಬ್ಲೂಟೂತ್ ಇಂಟರ್‌ಕಾಮ್ ಎಂಬ ಮಾತಿನ ಸಾಧನದ ಬಗ್ಗೆ ಯಾರೊಬ್ಬರೂ ವೇದಿಕೆಯ ಮೇಲೆ ತುಟಿ ಬಿಚ್ಚಿದ್ದನ್ನು ನಾನು ಕೇಳಿಲ್ಲ. ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಬರುವ ದುಬಾರಿ ಬೈಕುಗಳವರ ತಲೆಯ ಮೇಲೆ ಮಾತ್ರ ಕಾಣುತ್ತಿದ್ದ ಈ ಪುಟ್ಟ ಪೆಟ್ಟಿಗೆ ಇಂದು ನಮ್ಮೂರಿನ ಕಾಲೇಜು ಹುಡುಗರ, ಹೂವಿನ ವ್ಯಾಪಾರಿಗಳ, ಕಂಪನಿ ಕೆಲಸಕ್ಕೆ ದೇವನಹಳ್ಳಿ ಕಡೆಗೆ ಹೋಗುವವರ ಹೆಲ್ಮೆಟ್ಟುಗಳಿಗೂ ಅಂಟಿಕೊಂಡಿದೆ. ಕೊಳ್ಳುವವರಿಗೆ ಏನನ್ನು ನೋಡಿ ಕೊಳ್ಳಬೇಕೆಂದು ಗೊತ್ತಿಲ್ಲ. ಮಾರುವವರಲ್ಲಿ ಕೆಲವರಿಗಂತೂ ತಾವು ಏನು ಮಾಡುತ್ತಿದ್ದೇವೆಂಬುದೇ ಗೊತ್ತಿಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ನಾನು ಗುಡಿಬಂಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ನನ್ನ ಪತ್ನಿಯೂ ಅದೇ ಊರಿನ ಕಚೇರಿಯೊಂದರಲ್ಲಿ ನೌಕರಿಯಲ್ಲಿದ್ದಾರೆ. ಹೀಗಾಗಿ ಇಬ್ಬರೂ ಒಂದೇ ಬೈಕಿನಲ್ಲಿ ರಾಷ್ಟ್ರೀಯ ಹೆದ್ದಾರಿ 44ನ್ನು ಹಿಡಿದು, ಪೆರೇಸಂದ್ರ ಕ್ರಾಸಿನಲ್ಲಿ ತಿರುಗಿ, ದಿನವೂ ಹೋಗಿಬರುತ್ತೇವೆ. ಇಂಟರ್‌ಕಾಮ್ ಬರುವ ಮುಂಚೆ ನಮ್ಮ ನಡುವೆ ಭುಜ ತಟ್ಟುವ ಭಾಷೆಯೊಂದಿತ್ತು. ಒಂದು ತಟ್ಟಿದರೆ ನಿಧಾನ, ಎರಡು ತಟ್ಟಿದರೆ ನಿಲ್ಲಿಸಿ, ಬೆನ್ನಿಗೆ ಗುದ್ದಿದರೆ ಏನನ್ನೋ ಮನೆಯಲ್ಲೇ ಮರೆತಿದ್ದೇವೆ. ಇಬ್ಬರೂ ಮುಖ ಮುಚ್ಚುವ ಹೆಲ್ಮೆಟ್ ಧರಿಸಿದ ಮೇಲೆ ಹಿಂದೆ ಕುಳಿತವರು ಕೂಗಿದ್ದು ಮುಂದಿನವರಿಗೆ ಗಾಳಿಯ ಸದ್ದಿನಲ್ಲಿ ಕೇಳಿಸುವುದಿಲ್ಲ, ಕೇಳಿಸಿಕೊಳ್ಳಲು ಸವಾರ ಕತ್ತು ತಿರುಗಿಸಿದರೆ ಕಣ್ಣು ರಸ್ತೆಯಿಂದ ಹೊರಳುತ್ತದೆ. ಈ ಒಂದು ತೊಂದರೆಯನ್ನು ಇಂಟರ್‌ಕಾಮ್ ನಿಜವಾಗಿ ನೀಗಿಸುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದ್ದರಿಂದ ಇದು ಸಾಧನವನ್ನು ಬಯ್ಯುವ ಪತ್ರವೆಂದು ಯಾರೂ ಭಾವಿಸಬಾರದು.

ಎರಡು ವರ್ಷಗಳ ಹಿಂದೆ ಮೊದಲ ಜೋಡಿಯನ್ನು ಕೊಂಡಾಗ ಅಂಗಡಿಯವರೇ ಅಳವಡಿಸಿಕೊಡುತ್ತೇವೆ ಎಂದರು. ಅಲ್ಲಿದ್ದ ಹುಡುಗ ನನ್ನ ಹೆಲ್ಮೆಟ್ಟಿನ ಒಳಗಿನ ಮೆತ್ತೆಯನ್ನು ಕಿತ್ತಿಟ್ಟು, ಸ್ಪೀಕರ್ ಕೂರಲಿಲ್ಲವೆಂದು ಕಾಗದ ಕತ್ತರಿಸುವ ಬ್ಲೇಡು ತೆಗೆದು, ಕಿವಿಯ ಭಾಗದ ಥರ್ಮಾಕೋಲನ್ನು ಎರಡು ಬೆರಳಗಲ ಕೊರೆದುಬಿಟ್ಟ. ಬಿಳಿಯ ಮಣಿಗಳು ಗಾಜಿನ ಕೌಂಟರಿನ ಮೇಲೆ ಸಾಬಕ್ಕಿ ಚೆಲ್ಲಿದಂತೆ ಹರಡಿದವು. ನಾನು ತಡೆಯುವಷ್ಟರಲ್ಲಿ ಇನ್ನೊಂದು ಬದಿಗೂ ಬ್ಲೇಡು ಇಳಿದಿತ್ತು. ‘ಏನೂ ಆಗಲ್ಲ ಸಾರ್, ಎಲ್ರಿಗೂ ಹಿಂಗೇ ಮಾಡ್ಕೊಡೋದು’ ಎಂದು ಅವನು ಮಣಿಗಳನ್ನು ಊದಿ ಕೆಳಗೆ ಬೀಳಿಸಿದ. ನನ್ನ ಪತ್ನಿ ತಮ್ಮ ಹೆಲ್ಮೆಟ್ಟನ್ನು ಎದೆಗೆ ಅವುಚಿಕೊಂಡು, ‘ರೀ, ತಲೆ ಕಾಯೋದನ್ನೇ ಕೊಯ್ದುಬಿಟ್ರಲ್ಲಾ’ ಎಂದರು. ಮಾಲೀಕರನ್ನು ಕೇಳಿದರೆ ಹೊಸ ಹೆಲ್ಮೆಟ್ ಕೊಡಲು ಒಪ್ಪಲಿಲ್ಲ, ಅಳವಡಿಕೆಯ ಇನ್ನೂರು ರೂಪಾಯಿ ಮಾತ್ರ ಬಿಟ್ಟರು.

‘ಎಲ್ಲರಿಗೂ ಹೀಗೇ’ ಎಂಬ ಆ ಮಾತೇ ನನ್ನನ್ನು ಇಂದಿಗೂ ಕಾಡುತ್ತಿರುವುದು. ಹೆಲ್ಮೆಟ್ಟಿನ ಹೊರಚಿಪ್ಪು ಗಟ್ಟಿಯಾಗಿರುವುದರಿಂದ ತಲೆ ಉಳಿಯುತ್ತದೆಂದು ಬಹಳ ಜನ ತಿಳಿದಿದ್ದಾರೆ. ಚಿಪ್ಪು ಪೆಟ್ಟನ್ನು ಹರಡುತ್ತದೆ, ಚೂಪಾದ ವಸ್ತು ಒಳನುಗ್ಗದಂತೆ ತಡೆಯುತ್ತದೆ, ನಿಜ. ಆದರೆ ಪೆಟ್ಟನ್ನು ನುಂಗುವ ಹೆಚ್ಚಿನ ಕೆಲಸ ಮಾಡುವುದು ಒಳಗಿರುವ ಆ ಹಗುರ ಥರ್ಮಾಕೋಲು. ಅದು ತಾನು ಜಜ್ಜಿಹೋಗಿ, ತಲೆ ನಿಲ್ಲುವ ಅವಧಿಯನ್ನು ಕೆಲವೇ ಮಿಲಿಸೆಕೆಂಡುಗಳಷ್ಟು ಹಿಗ್ಗಿಸುತ್ತದೆ, ಆ ಕೆಲವೇ ಮಿಲಿಸೆಕೆಂಡುಗಳಿಂದಾಗಿ ಮಿದುಳಿಗೆ ತಗಲುವ ಆಘಾತ ತಗ್ಗುತ್ತದೆ. ಕೊರೆದ ಜಾಗದಲ್ಲಿ ಜಜ್ಜಲು ಏನೂ ಉಳಿದಿರುವುದಿಲ್ಲ. ಅದರ ಬದಲಿಗೆ ಅಲ್ಲಿ ಪ್ಲಾಸ್ಟಿಕ್ ಮತ್ತು ಅಯಸ್ಕಾಂತದ ಗಟ್ಟಿ ಬಿಲ್ಲೆಯೊಂದು ಕಿವಿಗೆದುರಾಗಿ ಕುಳಿತಿರುತ್ತದೆ. ಐಎಸ್ 4151 ಮಾನಕದ ಐಎಸ್ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲವೆಂಬ ಆದೇಶ 2021ರ ಜೂನ್ 1ರಿಂದ ಜಾರಿಯಲ್ಲಿದೆ. ಆ ಗುರುತು ಸಿಕ್ಕಿರುವುದು ಇಡೀ ಹೆಲ್ಮೆಟ್ಟಿಗೆ, ಬ್ಲೇಡು ಇಳಿದ ಹೆಲ್ಮೆಟ್ಟಿಗಲ್ಲ. ಗುರುತಿಲ್ಲದ್ದನ್ನು ಮಾರಿದರೆ ತಪ್ಪೆಂದಾದರೆ, ಗುರುತಿರುವುದನ್ನು ಗಿರಾಕಿಯ ಕಣ್ಣೆದುರೇ ಕೆಡಿಸಿ ಕೊಡುವುದನ್ನು ಏನೆಂದು ಕರೆಯಬೇಕು?

ಹಾಗಾಗಿ ಕೊಳ್ಳುವವರಲ್ಲಿ ನನ್ನ ವಿನಂತಿಯೆಂದರೆ, ಮೊದಲು ಹೆಲ್ಮೆಟ್ಟನ್ನು ನೋಡಿ, ಇಂಟರ್‌ಕಾಮ್ ಆಮೇಲೆ. ಈಗ ಬರುತ್ತಿರುವ ಎಷ್ಟೋ ಹೆಲ್ಮೆಟ್ಟುಗಳಲ್ಲಿ ಕಿವಿಯ ಬಳಿ ಸ್ಪೀಕರಿಗೆಂದೇ ಗುಂಡನೆಯ ಗುಳಿಯನ್ನು ತಯಾರಕರೇ ಬಿಟ್ಟಿರುತ್ತಾರೆ. ಮೆತ್ತೆ ಬಿಚ್ಚಿ ಬೆರಳಾಡಿಸಿದರೆ ಗೊತ್ತಾಗುತ್ತದೆ. ಹೆಚ್ಚಿನ ಸ್ಪೀಕರುಗಳು ಸುಮಾರು 40 ಮಿಲಿಮೀಟರ್ ಅಗಲದವು, ದಪ್ಪದಲ್ಲಿ ಮಾತ್ರ ವ್ಯತ್ಯಾಸವಿದೆ. ಆ ದಪ್ಪವೇ ನಿಮ್ಮ ಕಿವಿಯ ಹಣೆಬರಹವನ್ನು ಬರೆಯುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಹಾಕಿ ನೋಡಿದಾಗ ಎಲ್ಲವೂ ಹಿತವಾಗಿಯೇ ಇರುತ್ತದೆ, ಅರ್ಧ ಗಂಟೆ ಕಳೆದ ಮೇಲೆ ಕಿವಿಯ ಅಂಚು ಬೆಂಕಿಯಂತೆ ಉರಿಯತೊಡಗುತ್ತದೆ. ನಾಚಿಕೆಪಡದೆ ಇಪ್ಪತ್ತು ನಿಮಿಷ ಹೆಲ್ಮೆಟ್ ಹಾಕಿಕೊಂಡು ಅಂಗಡಿಯಲ್ಲೇ ಕುಳಿತಿರಿ. ಗುಳಿಯಿಲ್ಲದ ಹೆಲ್ಮೆಟ್ಟಾದರೆ ತೆಳು ಸ್ಪೀಕರಿನ ಸಾಧನ ಹುಡುಕಿ, ಅದೂ ಸಿಗದಿದ್ದರೆ ಇಂಟರ್‌ಕಾಮಿನ ಆಸೆಯನ್ನು ಮುಂದಿನ ಹೆಲ್ಮೆಟ್ಟಿನವರೆಗೆ ಮುಂದೂಡಿ. ಇನ್ನು ಸ್ಪೀಕರ್ ಕಿವಿಯ ತೂತಿಗೆ ನೇರವಾಗಿರಬೇಕು. ಒಂದು ಸೆಂಟಿಮೀಟರ್ ಹಿಂದೆ ಸರಿದರೂ ಸದ್ದು ಅರ್ಧಕ್ಕಿಳಿದಂತೆ ಕೇಳಿಸುತ್ತದೆ, ಜನ ಸಾಧನವೇ ಸರಿಯಿಲ್ಲವೆಂದು ದೂರುತ್ತಾರೆ.

ಮೈಕಿನಲ್ಲಿ ಎರಡು ಬಗೆ. ಗಲ್ಲವನ್ನೂ ಮುಚ್ಚುವ ಹೆಲ್ಮೆಟ್ಟಿಗೆ ಬಾಯಿಯ ಮುಂದೆ ಅಂಟಿಸುವ ಸಣ್ಣ ಗುಂಡಿಯಂಥ ಮೈಕ್ ಸಾಕು, ಮುಖ ತೆರೆದ ಅಥವಾ ಮುಂಭಾಗ ಮೇಲೆತ್ತುವ ಹೆಲ್ಮೆಟ್ಟಿಗೆ ಕಡ್ಡಿಯ ಮೇಲಿನ ಮೈಕ್ ಬೇಕು. ಮೈಕಿನ ಮೇಲಿನ ಸ್ಪಂಜು ಕಳೆದುಹೋದರೆ ಆಚೆಯವರಿಗೆ ಕೇಳಿಸುವುದು ನಿಮ್ಮ ಮಾತಲ್ಲ, ಬರೀ ಗಾಳಿ. ಪೆಟ್ಟಿಗೆಯನ್ನು ಹೆಲ್ಮೆಟ್ಟಿನ ಎಡಕ್ಕೆ ಕೂರಿಸುವುದೇಕೆಂದು ವಿದ್ಯಾರ್ಥಿಯೊಬ್ಬ ಕೇಳಿದ್ದ. ಬಲಗೈ ಆಕ್ಸಿಲರೇಟರಿನ ಮೇಲೆ ಇರಲೇಬೇಕಲ್ಲ!

ಇಷ್ಟಾದ ಮೇಲೆ ಯಾರೊಡನೆ ಮಾತಾಡಬೇಕು ಎಂಬ ಪ್ರಶ್ನೆ ಬರುತ್ತದೆ, ಬೆಲೆ ನಿಂತಿರುವುದು ಅದರ ಮೇಲೆ. ಎರಡು ಸಾವಿರಕ್ಕೆ ಸಿಗುವ ಹಲವು ಸಾಧನಗಳಲ್ಲಿ ಇಂಟರ್‌ಕಾಮೇ ಇರುವುದಿಲ್ಲ. ಅವು ಫೋನಿನೊಡನೆ ಮಾತ್ರ ಬೆಸೆಯುವ ಹೆಡ್‌ಸೆಟ್ಟುಗಳು. ಡಬ್ಬಿಯ ಮೇಲೆ ಬ್ಲೂಟೂತ್ ಎಂದಿದ್ದರೆ ಸಾಲದು, ಒಂದು ಹೆಲ್ಮೆಟ್ಟಿನಿಂದ ಇನ್ನೊಂದಕ್ಕೆ ಮಾತು ಹೋಗುತ್ತದೆಯೇ ಎಂದು ಕೇಳಿ, ಅಲ್ಲಿಯೇ ಎರಡನ್ನು ಜೋಡಿಸಿ ನೋಡಬೇಕು. ಗಂಡ ಹೆಂಡತಿಯೋ ಅಣ್ಣ ತಮ್ಮನೋ ಒಂದೇ ಬೈಕಿನಲ್ಲಿ ಹೋಗುವುದಾದರೆ ಸಾಮಾನ್ಯ ಬ್ಲೂಟೂತ್ ಇಂಟರ್‌ಕಾಮ್ ಧಾರಾಳವಾಗಿ ಸಾಕು. ನಾಲ್ಕೈದು ಬೈಕುಗಳ ಗುಂಪಿಗೆ ಮಾತ್ರ ಮೆಶ್ ಎಂಬ ವಿಧಾನದಿಂದ ಪ್ರಯೋಜನವಿದೆ. ಹಳೆಯ ವಿಧಾನದಲ್ಲಿ ಮಾತು ಸಾಲಾಗಿ ನಿಂತವರು ಬಿಂದಿಗೆ ದಾಟಿಸಿದಂತೆ ಒಬ್ಬರಿಂದೊಬ್ಬರಿಗೆ ಹೋಗುತ್ತದೆ. ನಡುವಿನ ಒಬ್ಬ ಪೆಟ್ರೋಲ್ ಹಾಕಿಸಲು ನಿಂತರೆ ಸಾಲು ತುಂಡಾಗುತ್ತದೆ. ಮೆಶ್‌ನಲ್ಲಿ ಒಬ್ಬ ತಪ್ಪಿದರೆ ಮಾತು ಇನ್ನೊಬ್ಬನ ಮೂಲಕ ತಾನೇ ದಾರಿ ಹುಡುಕಿಕೊಳ್ಳುತ್ತದೆ. ಕಾರ್ಡೋ, ಸೇನಾ ಮುಂತಾದ ಹೊರದೇಶದ ಹೆಸರುಗಳ ಜತೆಗೆ ನಮ್ಮ ಬೆಂಗಳೂರಿನದೇ ಆದ ಬ್ಲೂಆರ್ಮರ್ ಕೂಡ ಮಾರುಕಟ್ಟೆಯಲ್ಲಿದೆ. ಒಂದು ಕಂಪನಿಯ ಮೆಶ್ ಸಾಮಾನ್ಯವಾಗಿ ಮತ್ತೊಂದರದ್ದರೊಡನೆ ಬೆರೆಯುವುದಿಲ್ಲವಾದ್ದರಿಂದ, ಗೆಳೆಯರ ಬಳಿ ಏನಿದೆ ಎಂದು ವಿಚಾರಿಸಿ ಕೊಳ್ಳುವುದೇ ಜಾಣತನ.

ಡಬ್ಬಿಯ ಮೇಲೆ ಬರೆದಿರುವ ಒಂದು ಕಿಲೋಮೀಟರ್, ಒಂದೂವರೆ ಕಿಲೋಮೀಟರ್ ದೂರವನ್ನು ನಮ್ಮ ಜಿಲ್ಲೆಯವರು ನಂಬದಿರುವುದು ಒಳ್ಳೆಯದು. ಅದು ನಡುವೆ ಏನೂ ಅಡ್ಡವಿಲ್ಲದ ಬಯಲಿನ ಲೆಕ್ಕ. ಈ ಸಾಧನಗಳು ಬಳಸುವ 2.4 ಗಿಗಾಹರ್ಟ್ಸ್ ಅಲೆಗಳು ಬಂಡೆಯನ್ನು ಸುತ್ತಿಕೊಂಡು ಬರುವುದಿಲ್ಲ. ನನ್ನ ಮಗ ಇನ್ನೊಂದು ಬೈಕಿನಲ್ಲಿ ನಂದಿಬೆಟ್ಟ ಹತ್ತುವಾಗ, ಕೂಗಳತೆಯ ದೂರದಲ್ಲಿದ್ದರೂ ಅವನು ತಿರುವಿನಲ್ಲಿ ಮರೆಯಾದ ಕೂಡಲೇ ದನಿ ಕತ್ತರಿಸಿದಂತೆ ನಿಂತುಹೋಗುತ್ತಿತ್ತು, ನಾನೂ ಆ ತಿರುವು ದಾಟಿದಾಗ ಅವನ ಮಾತಿನ ಬಾಲ ಕೇಳಿಸುತ್ತಿತ್ತು. 1,478 ಮೀಟರ್ ಎತ್ತರದ ಆ ಬೆಟ್ಟದ ದಾರಿಯಲ್ಲಿ ಇಂಟರ್‌ಕಾಮನ್ನು ನೆಚ್ಚಿ ಮುಂದಿನವನು ‘ಬಾ’ ಎಂದನೆಂದು ಓವರ್‌ಟೇಕ್ ಮಾಡುವವರಿದ್ದಾರೆ. ಅವನು ‘ಬಾ’ ಎಂದನೋ ‘ಬರಬೇಡ’ ಎಂದನೋ, ಕತ್ತರಿಸಿಹೋದ ಮಾತಿನಲ್ಲಿ ಹೇಗೆ ತಿಳಿಯಬೇಕು?

ಸದ್ದಿನ ವಿಚಾರವನ್ನೂ ಹೇಳಬೇಕು. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಯ ಸದ್ದೇ 90 ಡೆಸಿಬೆಲ್ ದಾಟುತ್ತದೆ. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ ಕೇಳುವುದನ್ನೇ ಕಿವಿಗೆ ಅಪಾಯದ ಗಡಿಯೆಂದು ಪರಿಗಣಿಸುವಾಗ, ಆ ಗಾಳಿಯನ್ನೂ ಮೀರಿಸುವಂತೆ ಹಾಡು ಹಾಕಿಕೊಂಡರೆ ಕಿವಿಯ ಗತಿಯೇನು? ಮಾತು ಕೇಳಿಸದಿದ್ದಾಗ ವಾಲ್ಯೂಮ್ ಏರಿಸುವ ಬದಲು ವೈಸರ್ ಪೂರ್ತಿ ಮುಚ್ಚಿದೆಯೇ, ಹೆಲ್ಮೆಟ್ ತಲೆಗೆ ಬಿಗಿಯಾಗಿ ಕುಳಿತಿದೆಯೇ ಎಂದು ನೋಡಿ, ವೇಗವನ್ನು ಹತ್ತು ಕಿಲೋಮೀಟರ್ ಇಳಿಸಿ. ಹಿಂದಿನ ಲಾರಿಯ ಹಾರ್ನು ಕೇಳಿಸದಷ್ಟು ಸದ್ದು ಇಟ್ಟುಕೊಂಡವನು ಕಿವಿಗೆ ಹತ್ತಿ ತುರುಕಿಕೊಂಡು ಬೈಕ್ ಹತ್ತಿದಂತೆಯೇ.

ಫೋನ್ ಕರೆಗಳ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟಿನವನು. ಕೈ ಖಾಲಿಯಿದ್ದ ಮಾತ್ರಕ್ಕೆ ಮನಸ್ಸು ಖಾಲಿಯಿರುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ, ‘ಯಾರು ಮಾತಾಡ್ತಿರೋದು’ ಎಂದು ಕೇಳಿ ಮುಗಿಸುವಷ್ಟರಲ್ಲಿ ಒಂದು ಸರ್ವಿಸ್ ರಸ್ತೆಯ ಬಾಯಿ ಕಳೆದಿರುತ್ತದೆ. ಹಿಂದೆ ಕುಳಿತವರು ರಸ್ತೆಯನ್ನು ತಾವೂ ನೋಡುತ್ತಿರುತ್ತಾರಾದ್ದರಿಂದ ತಿರುವು ಬಂದಾಗ ತಾವಾಗಿಯೇ ಸುಮ್ಮನಾಗುತ್ತಾರೆ, ಫೋನಿನ ಆಚೆ ತುದಿಯಲ್ಲಿ ಸೋಫಾದ ಮೇಲೆ ಕುಳಿತವರಿಗೆ ನಿಮ್ಮ ತಿರುವು ಕಾಣಿಸುವುದಿಲ್ಲ. ನಮ್ಮ ಬೈಕಿನ ಮೇಲೆ ಇಬ್ಬರ ಫೋನುಗಳೂ ಪತ್ನಿಯ ಸಾಧನಕ್ಕೆ ಮಾತ್ರ ಜೋಡಣೆಯಾಗಿವೆ. ಕರೆ ಬಂದರೆ ಅವರೇ ಉತ್ತರಿಸುತ್ತಾರೆ, ನನಗೆ ಹೇಳಬೇಕಾದ್ದಿದ್ದರೆ ಪೆರೇಸಂದ್ರದಲ್ಲಿ ಚಹಾಕ್ಕೆ ನಿಂತಾಗ ಹೇಳುತ್ತಾರೆ. ಕರೆ ತಾನಾಗಿಯೇ ತೆರೆದುಕೊಳ್ಳುವ ವ್ಯವಸ್ಥೆಯನ್ನು ಮೊದಲ ದಿನವೇ ಬಂದ್ ಮಾಡಿದ್ದೇವೆ. ದಾರಿಯಲ್ಲಿ ನಮ್ಮ ನಡುವೆ ಓಡಾಡುವ ಮಾತುಗಳೆಂದರೆ ‘ಹಂಪ್’, ‘ಹಿಂದೆ ಬಸ್ಸು’, ‘ಎಡಕ್ಕೆ’, ‘ಸೆರಗು’, ಇಷ್ಟೇ. ಕೊನೆಯದು ಚಕ್ರಕ್ಕೆ ಸಿಕ್ಕುವ ಮುಂಚೆ ತಿಳಿದದ್ದು ಒಂದು ಸಲವಲ್ಲ, ಎರಡು ಸಲ.

ಕಾನೂನಿನ ಗೊಂದಲವೂ ಇದೆ. ಮೋಟಾರು ವಾಹನ ಕಾಯ್ದೆಯ 184ನೇ ಕಲಂನ ವಿವರಣೆಯಲ್ಲಿ 2019ರ ತಿದ್ದುಪಡಿಯ ನಂತರ ಅಪಾಯಕಾರಿ ಚಾಲನೆಯೆಂದು ಸೇರಿರುವುದು ಕೈಯಲ್ಲಿ ಹಿಡಿದು ಬಳಸುವ ಸಂವಹನ ಸಾಧನ. ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು ಕತ್ತು ಓರೆ ಮಾಡಿ ಹೋಗುವವರನ್ನು ನಮ್ಮ ಬೀದಿಗಳಲ್ಲಿ ದಿನವೂ ಕಾಣುತ್ತೇವೆ. ಅವರೂ, ಹಿಂಬದಿ ಸವಾರರೊಡನೆ ಮಾತ್ರ ಮಾತಾಡುವವರೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದವರೇ? ಒಮ್ಮೆ ನನ್ನನ್ನು ತಡೆದ ಸಿಬ್ಬಂದಿಯೊಬ್ಬರು ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ ‘ಇದೇನು ಮೇಷ್ಟ್ರೇ, ಕ್ಯಾಮೆರಾನಾ?’ ಎಂದು ಕೇಳಿದರು. ವಿವರಿಸಿದ ಮೇಲೆ ನಗುತ್ತಲೇ ಬಿಟ್ಟರು, ಬಿಡದಿದ್ದರೆ ತೋರಿಸಲು ನನ್ನ ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ.

ಉಳಿದಂತೆ, ಕಲ್ಲುಪುಡಿಯ ದೂಳಿಗೂ ಮಳೆಗೂ ಐಪಿ 67 ಎಂಬ ಗುರುತಿರುವುದನ್ನು ಆರಿಸಿಕೊಂಡರೆ ಸಾಕು. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳವನ್ನು ತೆರೆದಿಟ್ಟರೆ ಆ ಗುರುತಿನಿಂದ ಪ್ರಯೋಜನವಿಲ್ಲ. ಲಿಥಿಯಂ ಬ್ಯಾಟರಿಗೆ ಬಿಸಿಲು ಆಗಿಬರುವುದಿಲ್ಲವಾದ್ದರಿಂದ ಏಪ್ರಿಲ್ ತಿಂಗಳಲ್ಲಿ ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲೆ ಬಿಟ್ಟುಹೋಗಬಾರದು.

ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಮುಂದಿನ ಜನವರಿಯ ಜಾಥಾ ಹೊರಡುವ ಮುಂಚೆ ಸಾರಿಗೆ ಇಲಾಖೆಯು ಹೆಲ್ಮೆಟ್ ಇಂಟರ್‌ಕಾಮಿನ ಬಳಕೆ ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು ಎಂಬುದನ್ನು ಕನ್ನಡದಲ್ಲಿ ಒಂದು ಪುಟದಷ್ಟಾದರೂ ಪ್ರಕಟಿಸಬೇಕು. ಹೆಲ್ಮೆಟ್ ಮಾರುವ ಅಂಗಡಿಗಳ ತಪಾಸಣೆಗೆ ಹೋಗುವವರು ಐಎಸ್ಐ ಗುರುತನ್ನು ಮಾತ್ರವಲ್ಲದೆ, ಕೌಂಟರಿನ ಮೇಲೆ ಬಿಳಿ ಮಣಿಗಳು ಬಿದ್ದಿವೆಯೇ ಎಂಬುದನ್ನೂ ನೋಡಬೇಕು. ನನ್ನ ಆ ಕೊಯ್ದ ಹೆಲ್ಮೆಟ್ಟನ್ನು ಗರಗಸದಿಂದ ಎರಡು ಹೋಳು ಮಾಡಿಸಿ ಶಾಲೆಯ ಪ್ರಯೋಗಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ. ಕೊರೆದ ಜಾಗದಲ್ಲಿ ಬೆರಳಿಟ್ಟು ನೋಡಿದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮರುದಿನ ಬಂದು, ತನ್ನ ಅಣ್ಣನ ಹೆಲ್ಮೆಟ್ಟಿನಲ್ಲೂ ಇಂಥದೇ ತೂತಿದೆ ಸಾರ್ ಎಂದಳು.

ಇಂತಿ ತಮ್ಮ ವಿಶ್ವಾಸಿ,
ಶಿಕ್ಷಕ ಹಾಗೂ ದಿನನಿತ್ಯದ ಬೈಕ್ ಸವಾರ,
ಚಿಕ್ಕಬಳ್ಳಾಪುರ