ರಟ್ಟಿನ ಮಿಡತೆ, ಹುಲ್ಲಿನ ಮಿಡತೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ಇತ್ತ ಕ್ಷೇಮ.

ನಿನ್ನ ಕಾಗದ ಸೋಮವಾರ ಬಂತು. ಅಮೆರಿಕನ್ ಸಾಹಿತ್ಯದ ಪರೀಕ್ಷೆಗೆ ಮಾರ್ಕ್ ಟ್ವೇನ್, ಹೆನ್ರಿ ಜೇಮ್ಸ್ ಇಬ್ಬರನ್ನು ಓದಿದರೆ ಸಾಕು, ತಮ್ಮ ಸೀಮೆಯ ಬದುಕು, ಮಾತನ್ನೇ ಬರೆದ ಪ್ರಾದೇಶಿಕ ಲೇಖಕರಿಗೆ ಗೈಡಿನ ಎರಡು ಪುಟ ನೋಡಿಕೊಳ್ಳುತ್ತೇನೆ ಅಂತ ಬರೆದಿದ್ದೀಯ. ಅವರಲ್ಲೊಬ್ಬರಾದ ಸಾರಾ ಆರ್ನ್ ಜ್ಯೂಯೆಟ್ ಅವರ ಪುಸ್ತಕವನ್ನು ಇಪ್ಪತ್ತು ಪುಟ ಓದಿ ಮುಚ್ಚಿಟ್ಟೆಯಂತೆ. ಅದರಲ್ಲಿ ಏನೂ ನಡೆಯುವುದೇ ಇಲ್ಲ ಅಂತ. ನಿನ್ನ ಅಂಕಗಳ ಬಗ್ಗೆ ನನಗೆ ಚಿಂತೆ ಇಲ್ಲ. ಆ ಪುಸ್ತಕ ಮುಚ್ಚಿಟ್ಟಿದ್ದು ಮಾತ್ರ ಮನಸ್ಸು ಕೊರೆಯುತ್ತಿದೆ.

ಮೊದಲು ಒಂದು ಮಿಡತೆಯ ವಿಷಯ ಹೇಳುತ್ತೇನೆ. ವಿಲಿಯಂ ಡೀನ್ ಹೋವೆಲ್ಸ್ ಗೊತ್ತಲ್ವಾ? ಒಹಾಯೊದಿಂದ ಬಂದು, 1871ರಿಂದ 1881ರವರೆಗೆ ಬಾಸ್ಟನ್ನಿನ 'ಅಟ್ಲಾಂಟಿಕ್ ಮಂಥ್ಲಿ' ಪತ್ರಿಕೆಯ ಸಂಪಾದಕರಾಗಿದ್ದವರು. 1891ರಲ್ಲಿ ಬಂದ ಅವರ ವಿಮರ್ಶೆಯ ಪುಸ್ತಕದಲ್ಲಿ ಈ ಮಿಡತೆ ಇದೆ. ಒಬ್ಬ ಹುಲ್ಲಿನಲ್ಲಿ ಸಿಕ್ಕ ಮಿಡತೆಯನ್ನು ನೋಡುತ್ತಿದ್ದಾನೆ. ಇನ್ನೊಬ್ಬ ಬಂದು, 'ಅದನ್ನು ಬಿಡು, ನನ್ನ ಹತ್ತಿರ ತಂತಿ, ರಟ್ಟಿನಲ್ಲಿ ಮಾಡಿ ಚೆಂದವಾಗಿ ಬಣ್ಣ ಬಳಿದ ಮಿಡತೆ ಇದೆ, ಅದು ಹಾಳಾಗುವುದೇ ಇಲ್ಲ' ಅನ್ನುತ್ತಾನೆ. ಬರೆಯುವವರು ಆ ರಟ್ಟಿನ ಮಿಡತೆ ಬಿಟ್ಟು ಹುಲ್ಲಿನ ಮಿಡತೆ ನೋಡಲಿ ಅನ್ನುವುದು ಹೋವೆಲ್ಸ್ ಆಸೆ. ಬದುಕನ್ನು ಇದ್ದ ಹಾಗೇ ಬರೆಯುವ ವಾಸ್ತವವಾದಕ್ಕೆ ಇದಕ್ಕಿಂತ ಸರಳವಾದ ವಿವರಣೆಯನ್ನು ನಾನು ಎಲ್ಲೂ ಓದಿಲ್ಲ.

ಅದೇ ವರ್ಷ ಹ್ಯಾಮ್ಲಿನ್ ಗಾರ್ಲೆಂಡ್ ಅವರ ಕಥಾಸಂಕಲನ ಬಂತು. ಅದರಲ್ಲಿ ಹ್ಯಾಸ್ಕಿನ್ಸ್ ಅನ್ನುವ ರೈತ ಕ್ಯಾನ್ಸಸ್ ಬಿಟ್ಟು ಓಡಿ ಬಂದಿದ್ದಾನೆ. ಯಾಕೆ ಗೊತ್ತಾ? ಮಿಡತೆ ಕಾಟಕ್ಕೆ. ಹಸಿರು ಅನ್ನುವುದನ್ನೆಲ್ಲ ತಿಂದು ಮುಗಿಸಿ, ಕವೆಗೋಲಿನ ಹಿಡಿಯನ್ನೂ ತಿಂದವಂತೆ. ಆರಡಿ ಉದ್ದದ ಮಿಡತೆಗಳು ಮಂಚದ ಕಾಲಿನ ಮೇಲೆ ಕೂತು ದವಡೆ ಆಡಿಸುವ ಕನಸು ಬೀಳುತ್ತಿತ್ತಂತೆ. ಹೊಸ ಊರಲ್ಲಿ ಪಾಳುಬಿದ್ದ ಜಮೀನನ್ನು ಗುತ್ತಿಗೆಗೆ ಹಿಡಿದು, ಹೆಂಡತಿ ಮಕ್ಕಳ ಜೊತೆ ಮೂರು ವರ್ಷ ಗೇಯ್ದು ಹಸನು ಮಾಡುತ್ತಾನೆ. ಕೊಳ್ಳಲು ಹೋದಾಗ, ಮೊದಲು 2,500 ಡಾಲರ್ ಅಂದಿದ್ದ ಒಡೆಯ 5,500 ಕೇಳುತ್ತಾನೆ. ಬೆಲೆ ಏರಿಸಿದ್ದು ಹ್ಯಾಸ್ಕಿನ್ಸ್‌ನ ಬೆವರೇ. ಈ ಮಿಡತೆಯನ್ನು, ಈ ಒಡೆಯನನ್ನು ಬಾಸ್ಟನ್ನಿನ ಬೈಠಕ್‌ಖಾನೆಯಲ್ಲಿ ಕೂತು ಕಲ್ಪಿಸಲು ಆಗುತ್ತಿರಲಿಲ್ಲ. ಆ ಬಯಲಲ್ಲಿ ಉತ್ತು ಬಿತ್ತಿದ ಮನೆಯ ಹುಡುಗನೇ ಬರೆಯಬೇಕಿತ್ತು. ಪ್ರಾದೇಶಿಕತೆ ವಾಸ್ತವವಾದದ ಬಡ ನೆಂಟನಲ್ಲ ಅಂತ ನಾನು ಹೇಳುವುದು ಇದಕ್ಕೇ.

ನೀನು ಮೆಚ್ಚುವ ಟ್ವೇನ್ ಕೂಡ ಈ ಗುಂಪಿನವರೇ. ಹಕಲ್‌ಬರಿ ಫಿನ್ ಕಥೆ ಶುರುವಾಗುವ ಮುಂಚಿನ ಟಿಪ್ಪಣಿಯಲ್ಲಿ, ತಾನು ಬಳಸಿದ ಮಿಸ್ಸೂರಿ ಕಡೆಯ ಮಾತಿನ ಬಗೆಗಳನ್ನು ಪಟ್ಟಿ ಮಾಡಿದ್ದಾರೆ. ಅದೊಂದನ್ನೇ ಮತ್ತೆ ನೋಡು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು, 1869ರಲ್ಲಿ ರೈಲು ಹಳಿ ಪಶ್ಚಿಮದ ಸಮುದ್ರದವರೆಗೂ ಕೂಡಿತು. ದೂರದ ಊರುಗಳ ಕಥೆಗಳಿಗೆ ಪತ್ರಿಕೆಗಳಲ್ಲಿ ಬೇಡಿಕೆ ಬಂತು. ಬೇಡಿಕೆ ಬಂದ ಕಡೆ ರಟ್ಟಿನ ಮಿಡತೆಯೂ ಬರುತ್ತದೆ. ಥಾಮಸ್ ನೆಲ್ಸನ್ ಪೇಜ್ ಅಂಥವರು ದಕ್ಷಿಣದ ತೋಟಗಳ ಗುಲಾಮಗಿರಿಗೇ ಸಕ್ಕರೆ ಸವರಿ ಬರೆದರು. ಇವರಿಗೆ ಉತ್ತರ ಕೊಟ್ಟವರು ಚಾರ್ಲ್ಸ್ ಚೆಸ್ನಟ್. 1887ರಲ್ಲಿ 'ಅಟ್ಲಾಂಟಿಕ್'ನಲ್ಲಿ ಬಂದ ಅವರ ಕಥೆಯಲ್ಲಿ, ಹಿಂದೆ ಗುಲಾಮನಾಗಿದ್ದ ಮುದುಕ ಜೂಲಿಯಸ್ ಉತ್ತರದಿಂದ ಬಂದ ಬಿಳಿಯ ದಂಪತಿಗೆ ಮಾಟ ಹಾಕಿದ ದ್ರಾಕ್ಷಿತೋಟದ ಕಥೆ ಹೇಳುತ್ತಾನೆ. ಆ ಹಣ್ಣು ತಿಂದ ಗುಲಾಮನೊಬ್ಬ ಬಳ್ಳಿಯ ಜೊತೆಗೇ ವಸಂತದಲ್ಲಿ ಚಿಗುರುತ್ತಾನೆ, ಚಳಿಗಾಲಕ್ಕೆ ಸೊರಗುತ್ತಾನೆ. ಒಡೆಯ ಅವನನ್ನು ಚಿಗುರಿದಾಗ ಜಾಸ್ತಿ ಬೆಲೆಗೆ ಮಾರಿ, ಸೊರಗಿದಾಗ ಕಡಿಮೆಗೆ ಕೊಂಡು ತರುತ್ತಾನೆ. ಮಾಟದ ಕಥೆ ಅನ್ನಿಸುತ್ತೆ, ಆದರೆ ಮನುಷ್ಯನನ್ನು ದನದ ಹಾಗೆ ಮಾರಿದ ಲೆಕ್ಕ ಅದು. ಜೂಲಿಯಸ್‌ನ ಮಾತು ಕಣ್ಣಿಗೆ ತೊಡಕು. ಗಟ್ಟಿಯಾಗಿ ಓದು, ನಾಲಿಗೆಗೆ ಬೇಗ ಹತ್ತುತ್ತದೆ.

ಈಗ ಜ್ಯೂಯೆಟ್. ಹುಟ್ಟಿದ್ದು 1849ರಲ್ಲಿ, ಮೇನ್ ರಾಜ್ಯದ ಸೌತ್ ಬರ್ವಿಕ್‌ನಲ್ಲಿ. ಅಪ್ಪ ಡಾಕ್ಟರು. ಅವರು ರೋಗಿಗಳ ಮನೆಗೆ ಗಾಡಿ ಕಟ್ಟಿಕೊಂಡು ಹೋಗುವಾಗ ಮಗಳೂ ಜೊತೆಗಿರುತ್ತಿದ್ದಳು. ಜನರ ಅಡುಗೆಮನೆ, ಹಿತ್ತಿಲು, ಮಾತು ಎಲ್ಲ ಜ್ಯೂಯೆಟ್‌ಗೆ ಸಿಕ್ಕಿದ್ದು ಹಾಗೆ. ನೀನು ಮುಚ್ಚಿಟ್ಟ ಪುಸ್ತಕ 1896ರದ್ದು. ಅದರ ಕೊನೆಯ ಕಡೆ ಎಲೈಜಾ ಟಿಲ್ಲಿ ಅನ್ನುವ ಮುದಿ ಮೀನುಗಾರ ಬರುತ್ತಾನೆ. ಹೆಂಡತಿ ತೀರಿಕೊಂಡು ಎಂಟು ವರ್ಷ. ಮನೆಯನ್ನು ಅವಳಿಟ್ಟಿದ್ದ ಹಾಗೇ ಇಟ್ಟುಕೊಂಡು, ಕೂತು ಕಾಲುಚೀಲ ಹೆಣೆಯುತ್ತಾನೆ. ಅವಳ ಪಿಂಗಾಣಿ ಬಟ್ಟಲುಗಳಲ್ಲಿ ಒಂದೂ ಒಡೆದಿಲ್ಲ ಅಂತ ಗಂಡ ಹೆಂಡತಿ ಇಬ್ಬರಿಗೂ ಹೆಮ್ಮೆ. ಅವಳು ಸತ್ತಾಗ ಬೀರುವಿನ ಒಳಗೆ ಹಿಂದಿನ ಮೂಲೆಯಲ್ಲಿ ಕಾಗದದಲ್ಲಿ ಸುತ್ತಿಟ್ಟ ಒಂದು ಬಟ್ಟಲಿನ ಚೂರುಗಳು ಸಿಗುತ್ತವೆ. ಒಡೆದಿದ್ದನ್ನು ಹೇಳಲು ಅವಳಿಗೆ ಬಾಯಿ ಬಂದಿರಲಿಲ್ಲ. ತಮ್ಮಿಬ್ಬರ ನಡುವೆ ಇದ್ದ ಗುಟ್ಟು ಅದೊಂದೇ ಇರಬೇಕು ಅನ್ನುತ್ತಾನೆ ಟಿಲ್ಲಿ.

ಏನೂ ನಡೆಯುವುದಿಲ್ಲ ಅಂದೆಯಲ್ಲ ಪುಟ್ಟೀ. ನಿನ್ನ ದೊಡ್ಡಮ್ಮ ತೀರಿಕೊಂಡ ವರ್ಷ ನಾನು ಈ ಅಧ್ಯಾಯವನ್ನು ಮತ್ತೆ ಓದಿದೆ. ಅದಕ್ಕೆ ಮೊದಲು ನಾಲ್ಕು ಸಲ ತರಗತಿಯಲ್ಲಿ ಪಾಠ ಮಾಡಿದ್ದೆ. ಆ ಬಟ್ಟಲು ನನಗೆ ಅರ್ಥವಾಗಿದ್ದು ಆಗಲೇ.

1902ರಲ್ಲಿ, ತಮ್ಮ ಹುಟ್ಟುಹಬ್ಬದ ದಿನವೇ, ಜ್ಯೂಯೆಟ್ ಗಾಡಿಯಿಂದ ಬಿದ್ದರು. ಆಮೇಲೆ ಕಥೆ ಬರೆಯುವುದು ಹೆಚ್ಚುಕಡಿಮೆ ನಿಂತೇಹೋಯಿತು. ಆದರೂ 1908ರಲ್ಲಿ ಕುಳಿತು ಲೇಖಕಿ ವಿಲಾ ಕ್ಯಾಥರ್‌ಗೆ ಒಂದು ಉದ್ದದ ಕಾಗದ ಬರೆದರು. ಕ್ಯಾಥರ್ ಆಗ ನ್ಯೂಯಾರ್ಕಿನಲ್ಲಿ ಪತ್ರಿಕೆಯ ಕೆಲಸದಲ್ಲಿ ಮುಳುಗಿದ್ದ 35ರ ಹೆಂಗಸು. ಈ ಕೆಲಸ ನಿನ್ನನ್ನು ತಿನ್ನುತ್ತಿದೆ, ನಿನ್ನೊಳಗಿನ ನಿಶ್ಶಬ್ದದ ಜಾಗ ಹುಡುಕಿಕೊಂಡು ಅಲ್ಲಿಂದ ಬರಿ ಅನ್ನುವುದು ಆ ಕಾಗದದ ತಿರುಳು. ಮರುವರ್ಷ ಜ್ಯೂಯೆಟ್ ತೀರಿಕೊಂಡರು. 1912ರಲ್ಲಿ ಬಂದ ಕ್ಯಾಥರ್ ಅವರ ಮೊದಲ ಕಾದಂಬರಿಯಲ್ಲಿ ಬಾಸ್ಟನ್, ಲಂಡನ್ನುಗಳೇ ಇವೆ. 1913ರ ಎರಡನೆಯದರಲ್ಲಿ ತಾವು ಬೆಳೆದ ನೆಬ್ರಾಸ್ಕಾಕ್ಕೆ ಬಂದರು. ಅದನ್ನು ಜ್ಯೂಯೆಟ್ ನೆನಪಿಗೆ ಅರ್ಪಿಸಿದರು.

ಇದನ್ನು ಬರೆಯುವಾಗ ನೀನು ಯುಗಾದಿಗೆ ಕಳಿಸಿದ್ದ ಕಥೆ ನೆನಪಾಯಿತು. ಹುಡುಗಿ ಚೆನ್ನಾಗಿದ್ದಾಳೆ, ಮಾತೂ ಚೆನ್ನಾಗಿದೆ. ಆದರೆ ಅವಳು ಯಾವ ಊರಿನವಳು ಅಂತ ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ದಸರಾ ರಜೆಗೆ ಬರುವಾಗ ಆ ಪುಸ್ತಕ ತಗೊಂಡು ಬಾ. ನನ್ನ ಪ್ರತಿಯ ಅಕ್ಷರ ತೀರಾ ಸಣ್ಣದು, ಈಗ ಕಣ್ಣು ಹಿಡಿಯುವುದಿಲ್ಲ. ಟಿಲ್ಲಿಯ ಅಧ್ಯಾಯವನ್ನು ನೀನೇ ನಿಧಾನವಾಗಿ, ಗಟ್ಟಿಯಾಗಿ ಓದಬೇಕು. ಹಿಂದಿನ ಜಗಲಿಯಲ್ಲಿ ಕೂತು ಕೇಳುತ್ತೇನೆ.

ನಿನ್ನ
ದೊಡ್ಡಪ್ಪ